ಹೆಣದ ಶಾಟ್ ಆದಮೇಲಿನ ನಗು

ಕ್ಯಾಮೆರಾ ಬಾಡಿಗೆ ದಿನಕ್ಕೆ ಸಾವಿರದಿನ್ನೂರು. ಹೊಸ ಬಿಳಿ ಮುಂಡು ಪಂಚೆ ಇನ್ನೂರೈವತ್ತು. ಚಹಾ, ಪಫ್ಸು, ಬಸ್ಸು ಸೇರಿ ಮುನ್ನೂರ ನಲವತ್ತು. ಹೆಣದ ಪಾತ್ರಕ್ಕೆ ಮಾತ್ರ ಖರ್ಚಿಲ್ಲ. ಜಿಷ್ಮಳ ಅಪ್ಪ, ಅವಳ ಬಾಯಲ್ಲಿ ಅಚ್ಛ, ಕುಂಞಂಬು ಪುಕ್ಕಟೆಯಾಗಿ ಮಲಗಲು ಒಪ್ಪಿದ್ದರು.

ಪಯ್ಯನ್ನೂರಿನ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದ ಜಿಷ್ಮಳಿಗೆ ಈ ಹತ್ತು ನಿಮಿಷದ ಚಿತ್ರವೇ ಪ್ರಾಣ. ಮೊದಲ ಭಾನುವಾರ ಕ್ಯಾಮೆರಾ ಬರುವುದನ್ನು ಕಾಯುತ್ತಾ ಅಂಗಳದಲ್ಲಿ ನಿಂತಿದ್ದಳು. ಬಂದದ್ದು ಕ್ಯಾಮೆರಾ ಮಾತ್ರವಲ್ಲ. ಅದನ್ನು ಮಗುವಿನಂತೆ ಎದೆಗವಚಿಕೊಂಡ ಒಬ್ಬ ಹುಡುಗನೂ ಬಂದ. ಮದುವೆ ಫೋಟೋ ಸ್ಟುಡಿಯೋದ ಪ್ರಜಿಲ್.

"ನಿಮ್ಮ ಕೂಲಿ ಬೇರೆ ಕೊಡಬೇಕಾ?" ಗಾಬರಿಯಿಂದ ಕೇಳಿದಳು.

"ಊಟ ಹಾಕಿದ್ರೆ ಸಾಕು. ನೀವು ಇದನ್ನ ಬೀಳಿಸ್ತೀರಾ ಅಂತ ನೋಡೋಕೆ ಬಂದಿದೀನಿ."

ಅವಳು ಕೆಂಡವಾದಳು. ಅವನು ನಕ್ಕ. ಆ ನಗುವಿನ ಮೇಲೆ ಎಷ್ಟು ಹೊತ್ತು ಸಿಟ್ಟು ಉಳಿಸಿಕೊಳ್ಳುವುದು...?

ಎರಡನೇ ಭಾನುವಾರದ ಹೊತ್ತಿಗೆ ಅವನು ಬರೀ ಕ್ಯಾಮೆರಾ ಕಾಯುವವನಾಗಿ ಉಳಿದಿರಲಿಲ್ಲ. ಬೆಳಕು ತಿರುಗಿಸಲು ಥರ್ಮೋಕೋಲ್ ಹಲಗೆ ಹಿಡಿದು ಉರಿಬಿಸಿಲಲ್ಲಿ ಎರಡು ಗಂಟೆ ಅಲುಗದೆ ನಿಂತ. ಊಟಕ್ಕೆ ಕೂತಾಗ ತನ್ನ ಪಾಲಿನ ಹುರಿದ ಮೀನನ್ನು ಮೆಲ್ಲಗೆ ಅವಳ ತಟ್ಟೆಗೆ ಸರಿಸಿದ. ಅಂದು ಸಂಜೆ ಅವಳ ಬಾಯಿಂದ 'ಪ್ರಜಿಲೇಟ್ಟ' ಎಂಬ ಮಾತು ತಾನಾಗಿ ಹೊರಟಿತು. ಆ ಕಡೆ ಹುಡುಗಿಯರು ಅಣ್ಣನಿಗೂ ಏಟ್ಟ ಎನ್ನುತ್ತಾರೆ, ಮನಸ್ಸಿಟ್ಟವನಿಗೂ ಅನ್ನುತ್ತಾರೆ. ಅವಳ ಅಮ್ಮ ನಾರಾಯಣಿ ಅಡುಗೆಮನೆಯಿಂದಲೇ ಒಮ್ಮೆ ಇಣುಕಿ ನೋಡಿದರು.

ಮೂರನೇ ಭಾನುವಾರ ಹೆಣದ ಶಾಟ್.

ಜಗಲಿಯಲ್ಲಿ ಬಾಳೆ ಎಲೆ ಹಾಸಿ, ತಲೆಯ ಬಳಿ ದೀಪ ಹಚ್ಚಿ, ಅಚ್ಛನನ್ನು ಮಲಗಿಸಿದರು. ಜೀವಮಾನವೆಲ್ಲ ಬೀಡಿ ಕಟ್ಟಿದ ಮನುಷ್ಯನಿಗೆ ನಾಟಕದ ಹುಚ್ಚು. ವಾಚನಾಲಯದ ವಾರ್ಷಿಕೋತ್ಸವದಲ್ಲಿ ಮೂವತ್ತು ವರ್ಷ ಬಣ್ಣ ಹಚ್ಚಿದವರು. ಬಾಯಿ ಮುಚ್ಚಿಕೊಂಡಿರುವ ಪಾತ್ರ ಇದೇ ಮೊದಲು ಎಂದು ಹೆಂಡತಿಯನ್ನು ನಗಿಸಿಯೇ ಕಣ್ಣು ಮುಚ್ಚಿದರು.

ಶಾಟ್ ಚೆನ್ನಾಗಿ ಬಂತು. ಆಗ ಪ್ರಜಿಲ್ ಒಂದು ಮಾತು ನೆನಪಿಸಿದ. ಹೆಣವಾಗಿ ನಟಿಸಿದವರು ಎದ್ದು ಕೂತು ಕ್ಯಾಮೆರಾ ನೋಡಿ ನಗಬೇಕು, ಆ ನಗುವನ್ನೂ ತೆಗೆಯಬೇಕು. ಸಿನಿಮಾದವರು ಯಾರೂ ಇದನ್ನು ತಪ್ಪಿಸುವುದಿಲ್ಲ. ತಪ್ಪಿಸಿದರೆ ಆಯುಸ್ಸಿಗೆ ಕೇಡು.

"ಕಾರ್ಡಲ್ಲಿ ನಾಲ್ಕೇ ನಿಮಿಷದ ಜಾಗ ಇದೆ, ಅಲ್ಲಿ ಸೂರ್ಯ ಮುಳುಗ್ತಿದಾನೆ. ಈ ಮೂಢನಂಬಿಕೆಗೆಲ್ಲ ಟೈಮಿಲ್ಲ," ಎಂದು ಜಿಷ್ಮ ಅವನ ಕೈಯಿಂದ ಕ್ಯಾಮೆರಾ ಕಿತ್ತುಕೊಂಡು ಹೊಳೆಯ ದಡಕ್ಕೆ ಓಡಿದಳು.

ಒಂಬತ್ತು ದಿನ ಕಳೆಯಿತು. ಹತ್ತನೆಯ ಬೆಳಿಗ್ಗೆ ಕುಂಞಂಬು ಬಸ್ ಸ್ಟಾಪಿನಲ್ಲಿ ಎದೆ ಹಿಡಿದು ಕುಸಿದರು. ಆಸ್ಪತ್ರೆ ಮುಟ್ಟಲಿಲ್ಲ.

ಅದೇ ಜಗಲಿ. ಅದೇ ಬಾಳೆ ಎಲೆ. ತಲೆಯ ಬಳಿ ಅದೇ ದೀಪ. ಫ್ರೇಮು ಸರಿಯಾಗಿದೆ ಎಂದು ಜಿಷ್ಮಳಿಗೆ ಒಂದು ಕ್ಷಣ ಅನ್ನಿಸಿಬಿಟ್ಟಿತು. ಹಾಗನ್ನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ಪ್ರಜಿಲ್ ಬಂದು ಮೂಲೆಯಲ್ಲಿ ನಿಂತಾಗ ಆ ಹೇಸಿಗೆಗೆ ದಾರಿ ಸಿಕ್ಕಿತು.

"ನಗೋ ಶಾಟ್ ತೆಗೀಬೇಕು ಅಂತ ಗೊತ್ತಿದ್ದೋನು ನೀನು. ನಾನು ಬೇಡ ಅಂದ್ರೆ ಬಿಟ್ಟುಬಿಡೋದಾ? ಹೋಗು ಇಲ್ಲಿಂದ."

ಏಟ್ಟ ಎನ್ನಲಿಲ್ಲ. ನೆರೆದವರೆಲ್ಲ ತಿರುಗಿ ನೋಡಿದರು. ಅವನು ತಲೆ ತಗ್ಗಿಸಿದನೇ ಹೊರತು ಬಾಯಿ ಬಿಡಲಿಲ್ಲ. ಹಾಗಾದರೆ ತಪ್ಪು ಅವನದೇ ಎಂದುಕೊಂಡಳು. ಆದರೆ ಒಬ್ಬಳೇ ಇರುವಾಗ ಮನಸ್ಸು ಬೇರೆಯೇ ಹೇಳುತ್ತಿತ್ತು... ಬೇಡ ಅಂದದ್ದು ಯಾರು? ಸೂರ್ಯನ ಹಿಂದೆ ಓಡಿದ್ದು ಯಾರು? ಅಚ್ಛನನ್ನು ಕೊಂದದ್ದು ನೀನೇ.

ಕಾಲೇಜು ಬಿಟ್ಟಳು. ಚಿತ್ರವನ್ನು ಅರ್ಧಕ್ಕೇ ನಿಲ್ಲಿಸಿದಳು. ಆಮೇಲೆ ಊಟವನ್ನೂ.

ನಲವತ್ತೊಂದನೇ ದಿನದ ಕರ್ಮ ಮುಗಿದ ಮಧ್ಯಾಹ್ನ ಪ್ರಜಿಲ್ ಬಂದ. ನಾರಾಯಣಿಯೇ ಹೇಳಿಕಳಿಸಿದ್ದರು. ಅಂಗಳದಲ್ಲೇ ನಿಂತು ತನ್ನ ಫೋನನ್ನು ಜಿಷ್ಮಳತ್ತ ಚಾಚಿದ.

"ನೀನು ಹೊಳೆಗೆ ಹೋದ ಮೇಲೆ ತೆಗೆದದ್ದು. ಕೊನೇವರೆಗೆ ನೋಡು."

ಫೋನಿನಲ್ಲಿ ಅಚ್ಛ ಬಾಳೆ ಎಲೆಯ ಮೇಲೆ ಎದ್ದು ಕೂತರು. ಮುಂಡು ಕೊಡವಿಕೊಂಡು ಬಾಯ್ತುಂಬ ನಕ್ಕರು. 'ಎಲ್ಲಿ ಹೋದಳೋ ನಮ್ಮ ಡೈರೆಕ್ಟರು?'

ನಗು ಇತ್ತು... ನಗು ಇತ್ತು! ನಲವತ್ತೊಂದು ದಿನ ಎದೆಯ ಮೇಲಿದ್ದ ಕಲ್ಲು ಉರುಳಿಬಿತ್ತು.

ಅಷ್ಟರಲ್ಲಿ ಫೋನಿನಲ್ಲಿದ್ದ ಅಚ್ಛನ ಕೈ ಎದೆಗೆ ಹೋಯಿತು. ಫೋನ್ ಹಿಡಿದವನಿಗಷ್ಟೇ ಕೇಳುವಂತೆ ದನಿ ತಗ್ಗಿತು. 'ಮೋನೇ, ಮಗನೇ, ಬೆಳಿಗ್ಗೆಯಿಂದ ಇಲ್ಲಿ ಹಿಡಿದ ಹಾಗಿದೆ ಕಣೋ. ಮಗಳಿಗೆ ಹೇಳ್ಬೇಡ, ಶೂಟಿಂಗ್ ನಿಲ್ಲಿಸಿಬಿಡ್ತಾಳೆ. ನಾಳೆ ಡಾಕ್ಟರಿಗೆ ತೋರಿಸ್ತೀನಿ.'

ಜಿಷ್ಮ ವೀಡಿಯೊವನ್ನು ಹಿಂದಕ್ಕೆ ಎಳೆದು ಆ ಮಾತನ್ನು ಮತ್ತೊಮ್ಮೆ ಕೇಳಿದಳು.

"ಒಂಬತ್ತು ದಿನ ಇತ್ತು," ಅಂದಳು ಕೊನೆಗೆ.

"ಹೌದು. ಎರಡು ಸಲ ಫೋನ್ ಮಾಡಿ ಕೇಳ್ದೆ. ತೋರಿಸಿಕೊಂಡು ಬಂದೆ ಅಂದ್ರು. ನಂಬಿದೆ. ನಂಬೋದು ಸುಲಭವಾಗಿತ್ತು."

"ಅವತ್ತು ಎಲ್ಲರೆದುರು ಬೈದಾಗ ಯಾಕೆ ಸುಮ್ನಿದ್ದೆ?"

"ಇದನ್ನ ತೋರಿಸಿದ್ರೆ ನೀನು ಜನ್ಮದಲ್ಲಿ ನನ್ನ ಮುಖ ನೋಡಲ್ಲ ಅಂತ. ಸುಮ್ನಿದ್ದದ್ದು ಪ್ರೀತಿ ಅಂದ್ಕೊಂಡಿದ್ದೆ. ಹೆದರಿಕೆ ಅದು."

"ಮತ್ತೆ ಈಗ?"

"ಅನ್ನ ಬಿಟ್ಟಿದೀಯ ಅಂತ ಅಮ್ಮ ಹೇಳಿದ್ರು. ತಪ್ಪು ನಂದು, ಅನ್ನ ನೀನ್ಯಾಕೆ ಬಿಡ್ತೀಯ?" ಎಂದು ಫೋನನ್ನು ಅವಳ ಕೈಯಲ್ಲೇ ಬಿಟ್ಟು ಗೇಟಿನತ್ತ ಹೊರಟ.

ಹೋಗಲಿ ಎಂದಿತು ಅವಳ ಮನಸ್ಸು. ಅವನು ಅವತ್ತೇ ಹೇಳಿದ್ದರೆ ಅಚ್ಛ ಬದುಕುತ್ತಿದ್ದರೇನೋ... ಆದರೆ ಕಣ್ಣೆದುರು ಇನ್ನೊಂದು ಚಿತ್ರ ಬಂದು ನಿಂತಿತು. ಆ ಒಂಬತ್ತು ದಿನಗಳಲ್ಲೊಂದು ಸಂಜೆ, ಮಂಚದ ತುದಿಯಲ್ಲಿ ಕೂತು ಅಚ್ಛ ಎದೆಗೆ ಮುಲಾಮು ಉಜ್ಜಿಕೊಳ್ಳುತ್ತಿದ್ದರು. ಅವಳು ಲ್ಯಾಪ್‌ಟಾಪಿನಿಂದ ತಲೆ ಎತ್ತಿ ನೋಡಿದ್ದಳು.

"ನಾನೂ ನೋಡಿದ್ದೆ," ಅಂದಳು. ಅವನು ನಿಂತ. "ಎದೆಗೆ ಮುಲಾಮು ಹಚ್ಕೋತಿದ್ರು. ಏನಾಯ್ತು ಅಂತ ಕೇಳಲಿಲ್ಲ. ಎಡಿಟಿಂಗ್ ಇತ್ತು."

ಆಗ ಅಳು ಬಂತು. ನಲವತ್ತೊಂದು ದಿನ ಬಾರದೆ ನಿಂತಿದ್ದ ಅಳು. ಅವನು ಹಿಂದಿರುಗಿ ಬಂದು ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತ. ನಾರಾಯಣಿ ಒಳಗಿನಿಂದ ಎರಡು ತಟ್ಟೆ ಗಂಜಿ ತಂದಿಟ್ಟು ಹೋದರು.

"ಊಟ ಮಾಡು, ಏಟ್ಟ."

"ನೀನು?"

"ನೀನು ಶುರು ಮಾಡು. ನಾನೂ ಮಾಡ್ತೀನಿ."

ಚಿತ್ರ ಮುಗಿಯಿತು. ಬಹುಮಾನ ಬರಲಿಲ್ಲ. ಹೆಸರುಗಳೆಲ್ಲ ಬಂದು ಹೋದ ಮೇಲೆ ಕೊನೆಗೆ ಒಬ್ಬ ಮನುಷ್ಯ ಎದ್ದು ಕೂತು ನಗುತ್ತಾನೆ. ಕೈ ಎದೆಗೆ ಹೋಗುವ ಮೊದಲೇ ತೆರೆ ಕಪ್ಪಾಗುತ್ತದೆ. ಅದರಾಚೆಗೆ ಏನಿದೆಯೆಂದು ಬಲ್ಲವರು ಇಬ್ಬರೇ.

ಹೋದದ್ದು ಅಚ್ಛ. ಉಳಿದದ್ದು ಹನ್ನೊಂದು ಸೆಕೆಂಡಿನ ಆ ನಗು, ಮತ್ತು ಅದನ್ನು ಜೊತೆಯಲ್ಲಿ ಕೂತು ನೋಡಬಲ್ಲ ಒಬ್ಬನು.