ಒದ್ದೆ ಬಾಟಲಿಯ ಲೇಬಲ್

ಅವಳ ಕುರ್ಚಿಯಲ್ಲಿ ಬೇರೊಬ್ಬಳು ಕೂತಿದ್ದಳು!

ಅಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಆದರೆ ಆ ಹುಡುಗಿಯ ಪಕ್ಕದಲ್ಲಿ ಬಾಗಿ ನಿಂತು, ಲೇಬಲ್ ಮೇಲೆ ಏನೇನು ಬರೆಯಬೇಕೆಂದು ಕಲಿಸುತ್ತಿದ್ದವನು ಕೆರೆಯವನು!

ಪ್ರಯೋಗಾಲಯದಲ್ಲಿ ಎಲ್ಲರೂ ಅವನನ್ನು ಹಾಗೇ ಕರೆಯುತ್ತಿದ್ದರು. ಕೆರೆಗಳಿಂದ ನೀರಿನ ಮಾದರಿ ತರುವುದು ಅವನ ಕೆಲಸ. ಆ ಬಾಟಲಿಗಳಿಗೆ ಕೆರೆ ಯಾವುದು, ದಡವೋ ನಡುವೋ, ಯಾವ ದಿನ ಎಂದು ಮೊದಲೇ ಬರೆದು ಅಂಟಿಸುವುದು ಅವಳ ಕೆಲಸ. ಲೇಬಲ್ ರಾಣಿ ಎಂದು ಅವಳಿಗೆ ಹೆಸರಿಟ್ಟವನೂ ಅವನೇ. ಹಾಗೆ ಕರೆದಾಗೆಲ್ಲ ಮುಖ ಸಿಂಡರಿಸುತ್ತಿದ್ದಳು, ಒಳಗೊಳಗೇ ಹಿಗ್ಗುತ್ತಿದ್ದಳು.

"ನಾಳೆಯ ಬಾಟಲಿಗೆ ಇವಳೇ ಬರೀತಾಳೆ," ಎಂದ ಅವನು. "ನೀನು ಆರಾಮಾಗಿರು."

ಆರಾಮಂತೆ ಆರಾಮು! ಹೊಟ್ಟೆಯಲ್ಲಿ ಕೆಂಡ ಸುರಿದು ಆರಾಮಾಗಿರು ಎಂದರೆ ಹೇಗಿರುವುದು?

ಹೊಸಬಳು ಗುಂಗುರು ಕೂದಲಿನ ಹುಡುಗಿ, ನಕ್ಕರೆ ಕೆನ್ನೆಯಲ್ಲಿ ಗುಳಿ. ಬೆಳಗ್ಗೆಯೆಲ್ಲ ಅವರಿಬ್ಬರದೂ ಗುಸುಗುಸು. ಲೇಬಲ್ ರಾಣಿ ಹತ್ತಿರ ಹೋದರೆ ಸಾಕು, ಇಬ್ಬರೂ ಗಪ್‌ಚುಪ್. 'ನನ್ನನ್ನು ಕಂಡರೆ ಮಾತು ನಿಲ್ಲುತ್ತೆ ಅಂದರೆ ಇನ್ನೇನು ಅರ್ಥ...' ಅವಳ ಕಣ್ಣು ತುಂಬಿ ಬಂತು.

ಮಧ್ಯಾಹ್ನ ಹೊಸಬಳು ಬಾಟಲಿಗಳ ಟ್ರೇ ಹಿಡಿದು ಬಂದಳು.

"ಅಕ್ಕಾ, ಸರಿಯಾಗಿದೆಯಾ ಸ್ವಲ್ಪ ನೋಡಿ."

ಅಕ್ಷರವೇನೋ ಮುದ್ದಾಗಿತ್ತು. ಆದರೆ ಬಾಟಲಿ ತೊಳೆದು ಒಣಗುವ ಮೊದಲೇ ಅಂಟಿಸಿಬಿಟ್ಟಿದ್ದಳು! ಒದ್ದೆಯ ಮೇಲೆ ಅಂಟಿಸಿದ ಲೇಬಲ್ ಮಾದರಿ ತರುವ ಐಸ್ ಪೆಟ್ಟಿಗೆಯಲ್ಲಿ ನಿಲ್ಲುವುದಿಲ್ಲ. ಅದು ಕಳಚಿದರೆ ಯಾವ ನೀರು ಯಾವ ಕೆರೆಯದೆಂದು ಆ ದೇವರೂ ಹೇಳಲಾರ.

ಹೇಳೋಣವೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಬಾಗಿಲಲ್ಲಿ ಇಣುಕಿ, ಕಾಫಿ ಆರಿಹೋಗುತ್ತೆ ಬಾ ಎಂದು ಹೊಸಬಳನ್ನು ಕರೆದ. ಇವಳನ್ನು ಕರೆಯಲಿಲ್ಲ.

"ಚೆನ್ನಾಗಿದೆ," ಎಂದುಬಿಟ್ಟಳು ಲೇಬಲ್ ರಾಣಿ.

ಮರುದಿನ ಸಂಜೆ ಅವನು ಕೆರೆಗಳಿಂದ ಬಂದು ಪೆಟ್ಟಿಗೆ ತೆರೆದ. ಕರಗಿದ ಐಸಿನಲ್ಲಿ ಲೇಬಲ್‌ಗಳೆಲ್ಲ ತೇಲುತ್ತಿದ್ದವು. ಇಡೀ ದಿನದ ದುಡಿಮೆ ಮಣ್ಣುಪಾಲು. ಮುಖ್ಯಸ್ಥೆ ಮೇಡಂ ಕೆಂಡಾಮಂಡಲವಾದರು. ಹೊಸಬಳು ಅಳತೊಡಗಿದಾಗ, ಸರಿಯಾಗಿ ಹೇಳಿಕೊಡದ ತಪ್ಪು ತನ್ನದೇ ಎಂದು ಅವನು ಬೈಗುಳವನ್ನೆಲ್ಲ ತಲೆಯ ಮೇಲೆ ಹಾಕಿಕೊಂಡ.

ಮೇಡಂ ಒಳಗೆ ಹೋದ ಮೇಲೆ ಲೇಬಲ್ ರಾಣಿಗೆ ತಡೆಯಲಾಗಲಿಲ್ಲ.

"ತಪ್ಪು ನಿಮ್ಮಿಬ್ಬರದೂ ಅಲ್ಲ. ಬಾಟಲಿ ಒದ್ದೆ ಇದ್ದಿದ್ದು ನಾನು ನೋಡಿದ್ದೆ. ನೋಡಿಯೂ ಸುಮ್ಮನಿದ್ದೆ."

"ಯಾಕೆ?" ಅವನ ದನಿ ಸಣ್ಣಗಾಗಿತ್ತು.

"ಹೊಟ್ಟೆಕಿಚ್ಚು... ನೀನು ಇವಳ ಪಕ್ಕ ನಿಂತಿದ್ದು ನನ್ನಿಂದ ನೋಡೋಕಾಗಲಿಲ್ಲ."

ಹೊಸಬಳು ಅಳು ಮರೆತು ಬಾಯಿ ಬಿಟ್ಟಳು.

"ಅಯ್ಯೋ ಅಕ್ಕಾ, ನಿಮ್ಮ ವಿಷಯ ಹೇಳಿ ಹೇಳಿ ಇವರು ನನ್ನ ತಲೆ ತಿಂದಿದ್ದಾರೆ. ನಿಮಗೆ ಗೊತ್ತಾಗಬಾರದು ಅಂತ ಸುಮ್ಮನಾಗ್ತಿದ್ವಿ!" ಎಂದವಳೇ ಟ್ರೇ ಎತ್ತಿಕೊಂಡು ಹೊರಗೆ ಹೋದಳು.

ಅವನು ನೆಲ ನೋಡುತ್ತ ಹೇಳಿದ. "ಇಷ್ಟು ವರ್ಷದಿಂದ ಆ ಕೆರೆಗಳ ಹೆಸರು ಬರೀತಿದ್ದೀಯ, ಒಂದನ್ನೂ ಕಣ್ಣಾರೆ ನೋಡಿಲ್ಲ. ನಿನ್ನ ಜಾಗಕ್ಕೆ ಯಾರಾದರೂ ತಯಾರಾದರೆ ಮಾತ್ರ ನಿನ್ನನ್ನ ನನ್ನ ಜೊತೆ ಕೆರೆಗೆ ಕಳಿಸ್ತೀನಿ ಅಂದರು ಮೇಡಂ. ಅದಕ್ಕೇ ಕಲಿಸ್ತಿದ್ದೆ. ದೋಣಿಯಲ್ಲಿ ಕೂರಿಸಿಕೊಂಡು ನಿನ್ನ ಹತ್ತಿರ ಒಂದು ಮಾತು ಕೇಳಬೇಕು ಅಂತಿತ್ತು."

ಅವಳಿಗೆ ನಾಚಿಕೆಯಿಂದ ಭೂಮಿಯೊಳಗೆ ಇಳಿದುಹೋಗೋಣ ಎನಿಸಿತು. ನೇರ ಮೇಡಂ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಒಪ್ಪಿಕೊಂಡಳು. ಹೊರಬಂದಾಗ ಅವನು ಅಲ್ಲೇ ಕಾಯುತ್ತಿದ್ದ. ಕೆರೆಗೆ ಹೋಗುವುದು ರದ್ದಾಯಿತು, ಹೊಸಬಳಿಗೆ ಪೂರ್ತಿ ಕೆಲಸ ಕಲಿಸುವವರೆಗೂ ತಾನು ಮೇಜು ಬಿಟ್ಟು ಏಳುವ ಹಾಗಿಲ್ಲ ಎಂದು ಅಳುತ್ತಲೇ ಹೇಳಿದಳು.

"ಹಾಗಿದ್ದರೆ ಇಲ್ಲೇ ಕೇಳ್ತೀನಿ," ಎಂದ ಅವನು. "ನನ್ನನ್ನ ಮದುವೆ ಆಗ್ತೀಯಾ?"

"ಇಷ್ಟೆಲ್ಲಾ ಮಾಡಿದ ಮೇಲೂನಾ? ನನಗೆ ಹೊಟ್ಟೆಕಿಚ್ಚು ಜಾಸ್ತಿ ಕಣೋ..."

"ಇರಲಿ ಬಿಡು. ನಿನಗೆ ನನ್ನ ಮೇಲೆ ಏನೂ ಇಲ್ಲ ಅಂತಲೇ ಇವತ್ತಿನವರೆಗೂ ಅಂದುಕೊಂಡಿದ್ದೆ."

ಅವಳು ಅವನ ಐಸಿನಂತೆ ತಣ್ಣಗಿದ್ದ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಆಗ್ತೀನಿ," ಎಂದಳು.