ನಿಧಾನದ ಗಂಟೆ

"ನನ್ನ ಹನ್ನೊಂದು ನಿಮಿಷ ಕತ್ತರಿಸಿದವರು ಯಾರು?"

ಬೆಳಿಗ್ಗೆ ಏಳೂ ನಲವತ್ತು. ವಾಷಿಂಗ್ಟನ್ನಿನ ಆ ಕಚೇರಿಯ ಬಾಗಿಲನ್ನು ದಬಾರನೆ ತಳ್ಳಿಕೊಂಡು ಒಳಗೆ ಬಂದವನ ಕೋಟು ಮುದುರಿತ್ತು. ಕೈಯಲ್ಲಿದ್ದ ಕಾಗದ ಕೋಟಿಗಿಂತಲೂ ಮುದುರಿತ್ತು.

ಲೊರೆಟಾ ಟ್ಯಾಕೆಟ್ ಕೆಂಪು ಪೆನ್ಸಿಲ್ ಕೆಳಗಿಡಲಿಲ್ಲ. "ನಾನೇ. ಏನೀಗ?"

"ಏನೀಗ ಅಂತೀರಾ? ಮುನ್ನೂರು ಜನಕ್ಕೆ ಅಡುಗೆ ಮಾಡೋ ಆ ಹೆಂಗಸರಿಗೆ ಅಧ್ಯಕ್ಷರು ಅಡುಗೆಮನೆಗೆ ಬಂದು ಮಾತಾಡಿಸ್ತಾರೆ ಅಂತ ನಾನು ಮಾತು ಕೊಟ್ಟು ಬಂದಿದ್ದೀನಿ! ಹನ್ನೊಂದು ನಿಮಿಷ! ಅಷ್ಟೂ ಮಾಯ!"

"ಮಾತು ಕೊಡೋಕೆ ಮುಂಚೆ ನನ್ನನ್ನ ಕೇಳ್ಬೇಕಿತ್ತು."

"ನೀವು ಯಾರು ಅಂತಾನೇ ನನಗೆ ಗೊತ್ತಿಲ್ಲ!"

"ಈಗ ಗೊತ್ತಾಯ್ತಲ್ಲ." ಅವಳು ಎದ್ದು ನಿಂತಳು. ಎದ್ದರೂ ಅವನ ಭುಜಕ್ಕಷ್ಟೇ ಬಂದಳು. "ನೀವು ಕಳಿಸಿದ ದಿನಚರಿ ನೋಡಿದೆ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರ ತನಕ ಉಸಿರಾಡೋಕೂ ಜಾಗ ಇಟ್ಟಿಲ್ಲ. ಅಧ್ಯಕ್ಷರಿಗೂ ಬಾತ್‌ರೂಮಿಗೆ ಹೋಗ್ಬೇಕಾಗತ್ತೆ ಸ್ವಾಮಿ! ಅದಕ್ಕೆ ಯಾವ ನಿಮಿಷ ಇಟ್ಟಿದ್ದೀರಿ?"

ಅವನು ಕಾಗದ ನೋಡಿದ, ಅವಳನ್ನು ನೋಡಿದ, ಮತ್ತೆ ಕಾಗದ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

ಅಯ್ಯೋ... ಇವನು ನಗಬಾರದಿತ್ತು! ಜಗಳಕ್ಕೆ ಬಂದವನು ಜಗಳವಾಡಿ ಹೋಗಬೇಕಪ್ಪ. ಹೀಗೆ ನಕ್ಕರೆ ಲೊರೆಟಾ ಏನು ಮಾಡಬೇಕು?

"ಡೆಸ್ಮಂಡ್ ಪ್ರುಯಿಟ್," ಎಂದು ಕೈ ಚಾಚಿದ. "ನಾಲ್ಕು ನಿಮಿಷಕ್ಕಾದರೂ ಒಪ್ಪಿ."

"ಮೂರು."

"ಮೂರೂವರೆ!"

ನಾಲ್ಕೇ ಕೊಟ್ಟಳು. ಯಾಕೆ ಕೊಟ್ಟಳೋ ಅವಳಿಗೂ ತಿಳಿಯಲಿಲ್ಲ.

ಅದು ಮಾರ್ಚ್ ತಿಂಗಳು. ದೇಶದ ಅಧ್ಯಕ್ಷೆ ಹ್ಯಾರಿಯೆಟ್ ಕಾಲ್ಡರ್ ಯಾವ ಹೊತ್ತಿಗೆ ಯಾರನ್ನು ಕಾಣಬೇಕು, ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂದು ನಿಮಿಷ ನಿಮಿಷವಾಗಿ ಬರೆದಿಡುವುದು ಲೊರೆಟಾಳ ಕೆಲಸ. ಅಧ್ಯಕ್ಷೆ ಹೋಗುವ ಊರಿಗೆ ನಾಲ್ಕು ದಿನ ಮುಂಚೆ ಹೋಗಿ, ವೇದಿಕೆಯಿಂದ ಹಿಡಿದು ಕುರ್ಚಿಯ ತನಕ ಎಲ್ಲವನ್ನೂ ಸಿದ್ಧಮಾಡುವುದು ಡೆಸ್ಮಂಡನ ಕೆಲಸ. ಅವನು ಜನರನ್ನು ಕಂಡು ಕರಗಿ ನಿಮಿಷಗಳನ್ನು ಹಂಚುತ್ತ ಬರುತ್ತಿದ್ದ, ಅವಳು ಒಂದೊಂದಾಗಿ ಕಿತ್ತುಕೊಳ್ಳುತ್ತಿದ್ದಳು.

ದಿನವೂ ಬೆಳಿಗ್ಗೆ ಆರೂವರೆಗೆ ಅವನ ಫೋನು. ಒಂದು ದಿನ ಒಹಾಯೊದಿಂದ, ಇನ್ನೊಂದು ದಿನ ಟೆಕ್ಸಸ್‌ನಿಂದ.

"ಇವತ್ತು ಎಷ್ಟು ಕತ್ತರಿಸಿದ್ರಿ, ಟ್ಯಾಕೆಟ್ ಮೇಡಂ?"

"ಆರು. ಇನ್ನೂ ಮಾತಾಡಿದ್ರೆ ಏಳು."

"ನಿಮಗೆ ಒಂದು ಗುಟ್ಟು ಹೇಳ್ಲಾ? ಪ್ರತಿ ಊರಲ್ಲೂ ಕಾಗದದಲ್ಲಿಲ್ಲದ ಒಂದು ಜಾಗ ನೋಡಿಟ್ಟಿರ್ತೀನಿ. ಭದ್ರತೆಯವರಿಗೂ ತೋರಿಸಿ ಇಟ್ಟಿರ್ತೀನಿ. ಎಲ್ಲಾ ಕೈಕೊಟ್ರೆ ಅಧ್ಯಕ್ಷರನ್ನ ಅಲ್ಲಿಗೆ ಕರ್ಕೊಂಡು ಹೋಗೋಕೆ."

"ಯಾವ ಜಾಗ ಅಂತ ನನಗೂ ಹೇಳಲ್ವಾ?"

"ನಿಮಗಂತೂ ಹೇಳಲ್ಲ. ಕತ್ತರಿಸಿಬಿಡ್ತೀರಿ!"

ನಗುನಗುತ್ತಲೇ ಬೇಸಿಗೆ ಕಳೆಯಿತು. ಅವನ ಅಮ್ಮ ಬಾಲ್ಟಿಮೋರಿನಲ್ಲಿ ಬಸ್ ಓಡಿಸುತ್ತಿದ್ದಳೆಂದು ಅವಳಿಗೆ ಗೊತ್ತಾಯಿತು. ಕೆಂಟಕಿಯ ಕಾಬ್ಸ್ ಫೆರಿ ಎಂಬ ಪುಟ್ಟ ಊರಿನಲ್ಲಿ, ವರ್ನಾ ಚಿಕ್ಕಮ್ಮನ ಹೋಟೆಲಿನ ಅಡುಗೆಮನೆಯಲ್ಲಿ ಅವಳು ಬೆಳೆದಳೆಂದು ಅವನಿಗೆ ಗೊತ್ತಾಯಿತು.

"ಒಂದು ಕಾಫಿಗೆ ಬರ್ತೀರಾ?" ಎಂದು ಅವನು ಮೂರು ಸಲ ಕೇಳಿದ್ದ.

"ನನ್ನ ದಿನಚರಿಯಲ್ಲಿ ಜಾಗ ಇಲ್ಲ."

"ಹನ್ನೊಂದು ನಿಮಿಷ ಸಾಕು ನನಗೆ."

"ಆಮೇಲೆ ನೋಡೋಣ..."

ಊರಿನವರಿಗೆಲ್ಲ ಸಮಯ ಹಂಚುವವಳು ತನಗೆಂದು ಒಂದು ನಿಮಿಷ ಎತ್ತಿಟ್ಟುಕೊಳ್ಳಲು ಹೆದರುತ್ತಿದ್ದಳು, ನೋಡಿ!

ಅಕ್ಟೋಬರಿನಲ್ಲಿ ಅವಳ ಅದೃಷ್ಟ ಖುಲಾಯಿಸಿತು. ಅಧ್ಯಕ್ಷೆ ಹೊಸ ಸೇತುವೆ ಉದ್ಘಾಟಿಸಲು ಹೊರಟಿದ್ದು ಎಲ್ಲಿಗೆ? ಕಾಬ್ಸ್ ಫೆರಿಗೆ! ಕಚೇರಿಯ ಮುಖ್ಯಸ್ಥೆ ಮಿಸೆಸ್ ಹ್ಯಾಸ್ಕಿನ್ಸ್ ಅವಳನ್ನು ಕರೆದು ಹೇಳಿದರು.

"ಈ ಪ್ರವಾಸ ಪೂರ್ತಿ ನಿನ್ನದು, ಲೊರೆಟಾ. ಸುಸೂತ್ರವಾದ್ರೆ ಉಪಮುಖ್ಯಸ್ಥೆ ಕುರ್ಚಿ ನಿನಗೆ. ಎಡವಟ್ಟಾದ್ರೆ ಮತ್ತೆ ಜನರ ಕಾಗದ ಬಿಡಿಸೋ ಕೋಣೆಗೆ. ಗೊತ್ತಾಯ್ತಾ?"

ಗೊತ್ತಾಗದೆ ಏನು! ಹತ್ತು ದಿನ ಕೂತು ಬರೆದಳು. ಒಂಬತ್ತೂ ಹದಿನೈದಕ್ಕೆ ವಿಮಾನ ಇಳಿಯುವುದು. ಅಲ್ಲಿಂದ ನಲವತ್ತು ನಿಮಿಷದ ದಾರಿ. ಸರಿಯಾಗಿ ಹತ್ತಕ್ಕೆ ಸೇತುವೆ. ಮುತ್ತು ಪೋಣಿಸಿದ ಹಾಗಿತ್ತು.

ಪ್ರವಾಸದ ದಿನ ಅಧ್ಯಕ್ಷೆಯ ವಿಮಾನದಲ್ಲಿ ಅವಳಿಗೂ ಹಿಂದಿನ ಸಾಲಿನಲ್ಲಿ ಒಂದು ಸೀಟು! ಇನ್ನು ಅರ್ಧ ಗಂಟೆಯಲ್ಲಿ ಅವನ ಮುಖ ಕಾಣುತ್ತದೆ... ಅಲ್ಲ ಅಲ್ಲ, ನನ್ನ ಊರು ಕಾಣುತ್ತದೆ ಎಂದು ತನಗೆ ತಾನೇ ತಿದ್ದಿಕೊಂಡಳು.

ಆಗ ಮಿಸೆಸ್ ಹ್ಯಾಸ್ಕಿನ್ಸ್ ಬಂದು ಪಕ್ಕದಲ್ಲಿ ಕೂತರು. ಅವರ ಮುಖ ಬಿಗಿದುಕೊಂಡಿತ್ತು.

"ಡೆಸ್ಮಂಡ್ ನನಗೆ ಫೋನ್ ಮಾಡಿದ್ದ. ಸೇತುವೆ ಹತ್ರ ನರಪಿಳ್ಳೆ ಇಲ್ವಂತೆ. ಕುರ್ಚಿ ಹಾಕೋ ಮೂರು ಜನ ಬಿಟ್ರೆ."

"ಹೇಗೆ ಮೇಡಂ? ಹತ್ತು ಗಂಟೆಗೆ ಅಂತ..."

"ಅವರ ಹತ್ತು ಬೇರೆಯಂತೆ."

ಲೊರೆಟಾ ದಿನಚರಿ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟಳು.

ಓಡುವ ಗಂಟೆ, ನಿಧಾನದ ಗಂಟೆ! ಆ ನದಿಯೇ ಎರಡು ಕಾಲವಲಯಗಳ ಗಡಿ, ಈಚೆ ದಡದ ಗಡಿಯಾರ ಆಚೆ ದಡದ್ದಕ್ಕಿಂತ ಒಂದು ಗಂಟೆ ಮುಂದೆ. ಅಲ್ಲಿನವರು ಮದುವೆಗೆ ಕರೆದರೂ "ಓಡೋ ಗಂಟೆಯಲ್ಲೋ, ನಿಧಾನದ ಗಂಟೆಯಲ್ಲೋ?" ಎಂದು ಕೇಳಿಯೇ ಹೊರಡುವವರು. ವಿಮಾನ ನಿಲ್ದಾಣ ಓಡುವ ಗಂಟೆಯ ಕಡೆ. ಕಾಬ್ಸ್ ಫೆರಿ ನಿಧಾನದ ಗಂಟೆಯ ಊರು. ಊರಿನವರು ಬರುವುದು ತಮ್ಮ ಹತ್ತಕ್ಕೆ. ಅಧ್ಯಕ್ಷೆ ಹೋಗಿ ನಿಲ್ಲುವ ಹೊತ್ತಿಗೆ ಅಲ್ಲಿ ಇನ್ನೂ ಒಂಬತ್ತೂ ಆಗಿರುವುದಿಲ್ಲ! ಖಾಲಿ ಕುರ್ಚಿಗಳ ಮುಂದೆ ದೇಶದ ಅಧ್ಯಕ್ಷೆ, ಸುತ್ತ ಇಪ್ಪತ್ತು ಕ್ಯಾಮೆರಾ...

ಪ್ರತಿ ಸಾಲಿನ ಪಕ್ಕದಲ್ಲೂ ಯಾವ ಕಡೆಯ ಗಂಟೆ ಎಂದು ಬರೆಯಲೇಬೇಕೆಂಬುದು ಕಚೇರಿಯ ನಿಯಮ. ಹುಟ್ಟಿದ ಊರಿಗೂ ನಿಯಮ ಬೇಕೇ ಎಂದು ಅವಳು ಬಿಟ್ಟಿದ್ದಳು. ದೀಪದ ಬುಡದಲ್ಲೇ ಕತ್ತಲು!

ಅದಕ್ಕಿಂತ ಹೆಚ್ಚಾಗಿ ಇನ್ನೊಂದು ಮಾತು ಚುಚ್ಚಿತು. ದಿನಾ ಆರೂವರೆಗೆ ನನಗೆ ಫೋನ್ ಮಾಡುವವನು ಇವತ್ತು ನೇರವಾಗಿ ಮೇಡಂಗೆ ಮಾಡಿದ. ನನಗೆ ಒಂದು ಮಾತು ಹೇಳಬಾರದಿತ್ತೇ? ತನ್ನ ಕೆಲಸ ಉಳಿಸಿಕೊಳ್ಳಲು ನನ್ನ ತಪ್ಪನ್ನು ಮೇಲಿನವರ ಕಿವಿಗೆ ಹಾಕಿದನಲ್ಲ... ಇವನಿಗೋಸ್ಕರ ನಾನು...

ಕಣ್ಣು ತುಂಬಿ ಬಂತು. ಒರೆಸಿಕೊಂಡಳು. ಅಳುವುದಕ್ಕೂ ದಿನಚರಿಯಲ್ಲಿ ಜಾಗವಿರಲಿಲ್ಲ.

ವಿಮಾನ ಇಳಿಯಿತು. ಮೆಟ್ಟಿಲ ಕೆಳಗೆ ಡೆಸ್ಮಂಡ್ ನಿಂತಿದ್ದ, ಅದೇ ಮುದುರಿದ ಕೋಟಿನಲ್ಲಿ.

"ಲೊರೆಟಾ, ಕೇಳಿ..."

"ಮಿಸ್ಟರ್ ಪ್ರುಯಿಟ್," ಎಂದಳು ಅವಳು, ಅವನ ಮುಖ ನೋಡದೆ. "ನಮ್ಮ ಹತ್ರ ಈಗ ಒಂದು ಗಂಟೆ ಹೆಚ್ಚಿಗೆ ಇದೆ. ಅಷ್ಟೇ ಮಾತಾಡೋಣ."

ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

"ನಾಲ್ಕು ನಿಮಿಷದಲ್ಲಿ ಕಾರುಗಳು ಹೊರಡ್ತವೆ," ಎಂದರು ಮಿಸೆಸ್ ಹ್ಯಾಸ್ಕಿನ್ಸ್. "ಎಲ್ಲಿಗೆ?"

ಲೊರೆಟಾ ದಿನಚರಿಯ ಹಾಳೆ ತಿರುವಿ ಹಿಂಬದಿಯಲ್ಲಿ ಬರೆಯತೊಡಗಿದಳು. ತಲೆ ಚುರುಕಾಗಿ ಓಡುತ್ತಿತ್ತು.

"ಸೇತುವೆಗೆ ಮುಂಚೆ ಒಂದು ಹೋಟೆಲಿದೆ, ಮೇಡಂ. ನಮ್ಮ ಚಿಕ್ಕಮ್ಮಂದು. ಈ ಹೊತ್ತಿಗೆ ಊರಿನ ಅರ್ಧ ಜನ ಅಲ್ಲೇ ತಿಂಡಿ ತಿಂತಿರ್ತಾರೆ. ಐವತ್ತು ನಿಮಿಷ ಕೂತ್ರೂ ಸರಿ. ಆದ್ರೆ ಭದ್ರತೆಯವರು ಒಪ್ಪಲ್ಲ. ಹೊಸ ಜಾಗ ನೋಡೋಕೆ ಅವರಿಗೆ ಎರಡು ದಿನವಾದ್ರೂ ಬೇಕು..."

"ಒಪ್ಪಿದ್ದಾರೆ," ಎಂದ ಡೆಸ್ಮಂಡ್ ಮೆಲ್ಲಗೆ. "ಮೊನ್ನೆಯೇ ಮೂಲೆಮೂಲೆ ನೋಡಿ ಆಗಿದೆ."

ಅವಳು ಪೆನ್ಸಿಲ್ ಹಿಡಿದ ಹಾಗೆಯೇ ನಿಂತಳು. ಕಾಗದದಲ್ಲಿಲ್ಲದ ಜಾಗ! ಈ ಊರಿಗೆ ಅವನು ಆರಿಸಿದ್ದು... ಅದೇ ಜಾಗವೇ?

ಹೋಟೆಲಿನಲ್ಲಿ ಏನು ಗದ್ದಲ, ಏನು ಸಂಭ್ರಮ! ಅಧ್ಯಕ್ಷೆಯೇ ಬಾಗಿಲಲ್ಲಿ ಕಂಡಾಗ ಒಬ್ಬ ತಾತ ಕಾಫಿಯನ್ನು ತನ್ನ ಅಂಗಿಯ ಮೇಲೇ ಸುರಿದುಕೊಂಡ. ಅಲ್ಲಿನವರು ಬಿಸ್ಕೆಟ್ ಎನ್ನುವ ಮೆತ್ತಗಿನ ಬಿಸಿ ಬನ್ನಿನ ಮೇಲೆ ಜೋಳದ ಜೋನಿಬೆಲ್ಲ ಸುರಿದು ವರ್ನಾ ಚಿಕ್ಕಮ್ಮ ತಾವೇ ತಂದಿಟ್ಟರು.

"ತಿನ್ನಿ ತಾಯಿ, ಸೊರಗಿ ಹೋಗಿದ್ದೀರಿ. ನಮ್ಮ ಹುಡುಗಿ ನಿಮಗೆ ಊಟಕ್ಕಾದ್ರೂ ಟೈಮ್ ಕೊಡ್ತಾಳೋ ಇಲ್ವೋ?"

"ಹದಿನೆಂಟು ನಿಮಿಷ ಕೊಡ್ತಾಳೆ," ಎಂದು ಅಧ್ಯಕ್ಷೆ ದೂರು ಹೇಳಿದರು. ಇಡೀ ಹೋಟೆಲು ಗೊಳ್ಳೆಂದಿತು.

ಚಿಕ್ಕಮ್ಮ ಲೊರೆಟಾಳನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು.

"ಯಾರೇ ಆ ಉದ್ದನೆ ಹುಡುಗ? ಮೂರು ದಿನದಿಂದ ಬಂದು ಇಲ್ಲೇ ಕೂರ್ತಾನೆ. ನೀನು ಚಿಕ್ಕವಳಿದ್ದಾಗ ಎಲ್ಲಿ ಕೂತು ಓದ್ತಿದ್ದೆ ಅಂತ ಕೇಳ್ತಾನೆ. ಆ ಹಿಟ್ಟಿನ ಡಬ್ಬ ತೋರಿಸಿದ್ದಕ್ಕೆ ಗುಡಿ ನೋಡಿದ ಹಾಗೆ ನೋಡ್ದ ಕಣೇ!"

"ಅವನ ಸುದ್ದಿ ಬೇಡ, ಚಿಕ್ಕಮ್ಮ. ನನ್ನ ಮೇಲೆ ಚಾಡಿ ಹೇಳಿದ್ದಾನೆ."

"ಚಾಡಿ?" ಮಿಸೆಸ್ ಹ್ಯಾಸ್ಕಿನ್ಸ್ ತಟ್ಟೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದರು. "ಯಾವ ಚಾಡಿ? ಗಂಟೆಯ ತಪ್ಪು ತನ್ನದು ಅಂದ ಅವನು. ಇಲ್ಲಿಂದ ನಿನಗೆ ತಪ್ಪು ಸಮಯ ಕಳಿಸಿದ್ದು ತಾನೇ, ಲೊರೆಟಾಗೆ ಏನೂ ಗೊತ್ತಿಲ್ಲ, ಬೇಕಾದ್ರೆ ತನ್ನನ್ನ ಪ್ರವಾಸದ ಕೆಲಸದಿಂದ ತೆಗೀರಿ ಅಂದ. ನಾನೂ ತೆಗೆಯೋಳೇ ಇದ್ದೆ."

ಲೊರೆಟಾ ಬಾಗಿಲಾಚೆ ಅವನಿಗಾಗಿ ಕಣ್ಣು ಹಾಯಿಸಿದಳು.

ಅದಕ್ಕೇ ನನಗೆ ಫೋನ್ ಮಾಡಲಿಲ್ಲ! ಮಾಡಿದ್ದರೆ ನಾನು ಒಪ್ಪುತ್ತಿರಲಿಲ್ಲ ಎಂದು ಅವನಿಗೆ ಗೊತ್ತಿತ್ತು...

ಈಗ ಸುಮ್ಮನಿದ್ದರೆ ಉಪಮುಖ್ಯಸ್ಥೆಯ ಕುರ್ಚಿ ಅವಳದೇ. ಒಂದೇ ಒಂದು ಮಾತು ನುಂಗಿದರೆ ಸಾಕು. ನುಂಗಲು ನೋಡಿದಳು. ಗಂಟಲಲ್ಲಿ ಇಳಿಯಲಿಲ್ಲ.

"ಮೇಡಂ, ಅವನು ಸುಳ್ಳು ಹೇಳಿದ. ಕಾಗದ ಬರೆದವಳು ನಾನು. ಯಾವ ಗಂಟೆ ಅಂತ ಬರೀದೆ ಬಿಟ್ಟವಳೂ ನಾನು. ಇದು ನಾನು ಹುಟ್ಟಿ ಬೆಳೆದ ಊರು, ಅವನದಲ್ಲ. ಯಾರನ್ನಾದ್ರೂ ತೆಗೀಬೇಕು ಅಂದ್ರೆ ನನ್ನನ್ನ ತೆಗೀರಿ!"

ಮಿಸೆಸ್ ಹ್ಯಾಸ್ಕಿನ್ಸ್ ಬಿಸ್ಕೆಟ್ಟಿನ ಚೂರೊಂದನ್ನು ಬೆಲ್ಲದಲ್ಲಿ ಅದ್ದಿ ನಿಧಾನವಾಗಿ ತಿಂದರು.

"ಮೂವತ್ತು ವರ್ಷದಲ್ಲಿ ತಪ್ಪು ನನ್ನದಲ್ಲ ಅಂತ ಜಗಳ ಆಡಿದವರನ್ನ ನೋಡಿದ್ದೀನಿ. ನನ್ನದೇ ಅಂತ ಕಿತ್ತಾಡೋರನ್ನ ಇವತ್ತೇ ನೋಡಿದ್ದು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋಳಲ್ಲ ನಾನು. ಅವನು ಕೆಲಸದಲ್ಲಿ ಇರ್ತಾನೆ. ನಿನಗೆ ಕುರ್ಚಿ ಈಗ ಇಲ್ಲ. ಆರು ತಿಂಗಳು ಪ್ರತಿ ಸಾಲಿಗೂ ಗಂಟೆ ಬರೆದು ತೋರಿಸು, ಆಮೇಲೆ ನೋಡೋಣ."

"ಕಾಗದ ಬಿಡಿಸೋ ಕೋಣೆಗೆ...?"

"ನಾಲ್ಕು ನಿಮಿಷದಲ್ಲಿ ಇಷ್ಟು ಒಳ್ಳೆ ಬೆಳಗು ಕಟ್ಟಿಕೊಟ್ಟವಳನ್ನ ಅಲ್ಲಿಗೆ ಕಳಿಸೋಕೆ ನನಗೇನು ಹುಚ್ಚಾ?" ತಟ್ಟೆ ಕೆಳಗಿಟ್ಟರು. "ಹೋಗು. ಅವನು ಹಿತ್ತಲಲ್ಲಿ ನಿಂತಿದ್ದಾನೆ."

ಕುರ್ಚಿ ತಪ್ಪಿತೆಂಬ ನೋವು ಇರಲಿಲ್ಲವೇ? ಇತ್ತು. ಆದರೆ ಅದನ್ನು ಹೊತ್ತುಕೊಂಡೇ ಕಾಲು ಹಿತ್ತಲಿಗೆ ಓಡುತ್ತಿತ್ತು!

ಡೆಸ್ಮಂಡ್ ಸೌದೆ ರಾಶಿಯ ಪಕ್ಕದಲ್ಲಿ ನಿಂತು ಫೋನಿನಲ್ಲಿ ಸೇತುವೆಯ ಕುರ್ಚಿಗಳ ಲೆಕ್ಕ ಕೇಳುತ್ತಿದ್ದ. ಅವಳನ್ನು ಕಂಡವನೇ ಫೋನ್ ಇಳಿಸಿದ.

"ಯಾರು ಕೇಳಿದ್ರು ನಿಮ್ಮನ್ನ?" ಎಂದಳು ಅವಳು ಏದುಸಿರು ಬಿಡುತ್ತ. "ನನ್ನ ತಪ್ಪನ್ನ ಹೊತ್ಕೊಳ್ಳಿ ಅಂತ ಯಾರು ಕೇಳಿದ್ರು?"

"ಯಾರೂ ಕೇಳಲಿಲ್ಲ. ನೀವು ಈ ಊರಿಗೆ ತಲೆ ತಗ್ಗಿಸ್ಕೊಂಡು ಬರೋದು ನನಗೆ ನೋಡೋಕಾಗ್ತಿರಲಿಲ್ಲ, ಅಷ್ಟೇ."

"ಎಲ್ಲಾ ಹೇಳಿಬಿಟ್ಟೆ ಮೇಡಂಗೆ."

"ಅಯ್ಯೋ! ಕುರ್ಚಿ?"

"ಹೋಯ್ತು. ಆರು ತಿಂಗಳ ಮಟ್ಟಿಗೆ." ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ವಿಮಾನದಲ್ಲಿ ನಿನ್ನ ಬಗ್ಗೆ ಏನೇನೋ ಅಂದುಕೊಂಡೆ, ಡೆಸ್ಮಂಡ್. ಕ್ಷಮಿಸು."

ನಿನ್ನ ಬಗ್ಗೆ... ನೀವು ಹೋಗಿ ನೀನು ಬಂದದ್ದು ಇಬ್ಬರಿಗೂ ಒಟ್ಟಿಗೇ ಕೇಳಿಸಿತು. ಅವಳ ಕಿವಿ ಕೆಂಪಾಯಿತು.

"ಈ ಹೋಟೆಲನ್ನೇ ಯಾಕೆ ಆರಿಸಿದೆ?" ಎಂದು ಕೇಳಿದಳು.

"ಅಧ್ಯಕ್ಷರಿಗೆ ಅಂತ ಆರಿಸಿದ್ದಲ್ಲ." ಅವನ ಧ್ವನಿ ತಗ್ಗಿತು. "ಏಳು ತಿಂಗಳಿಂದ ಬೆಳಿಗ್ಗೆ ಎದ್ದ ಕೂಡ್ಲೇ ನಿನ್ನ ಧ್ವನಿ ಕೇಳ್ತೀನಿ. ಆ ಧ್ವನಿ ಬೆಳೆದ ಮನೆ ನೋಡ್ಬೇಕು ಅನ್ನಿಸ್ತು. ನಾನು ನಿನ್ನನ್ನ ಪ್ರೀತಿಸ್ತೀನಿ, ಲೊರೆಟಾ. ಇದಕ್ಕೂ ಕೆಂಪು ಪೆನ್ಸಿಲ್ ಹಾಕ್ತೀಯಾ?"

ಅವಳು ಕೈಯಲ್ಲಿದ್ದ ದಿನಚರಿಯನ್ನು ಸೌದೆ ರಾಶಿಯ ಮೇಲಿಟ್ಟು, ಅವಸರದಲ್ಲಿ ಗೀಚಿದ ಸಾಲುಗಳ ಕೆಳಗೆ ಇನ್ನೊಂದು ಸಾಲು ಬರೆದಳು. ಬರೆದು ಅವನತ್ತ ತಿರುಗಿಸಿದಳು.

'ಲೊರೆಟಾ, ಡೆಸ್ಮಂಡ್. ಹಿತ್ತಲು. ಹನ್ನೊಂದು ನಿಮಿಷ.'

ಅವನು ಓದಿದ. ಮತ್ತೆ ಓದಿದ. ಆ ಮಾರ್ಚ್ ತಿಂಗಳ ನಗು ಮೆಲ್ಲಗೆ ಮುಖದ ತುಂಬ ಹರಡಿತು.

"ನಿಯಮ ಮರೆತೆಯಲ್ಲ, ಟ್ಯಾಕೆಟ್ ಮೇಡಂ! ಯಾವ ಗಂಟೆ ಅಂತ ಬರೀಲಿಲ್ಲ."

ಅವಳು ಅವನ ಮುದುರಿದ ಕೋಟಿನ ಕಾಲರು ಹಿಡಿದು ಹತ್ತಿರ ಎಳೆದುಕೊಂಡಳು.

"ನಿಧಾನದ ಗಂಟೆ ಕಣೋ," ಎಂದಳು.