ಬೂಷ್ಟಮಾಂತ್ರಿಕನೂ ನೀಲವ್ವನ ಮಾವಿನಮರವೂ

ಹಿಂದೆ ಹಿಂದೆ, ತಳಿರೂರು ಎಂಬ ರಾಜ್ಯದಲ್ಲಿ ಮಗು ಹುಟ್ಟಿದರೆ ಅದರ ಹೆಸರಲ್ಲೊಂದು ಮಾವಿನ ಸಸಿ ನೆಡುತ್ತಿದ್ದರು. ಮರ ಒಣಗಿದರೆ ಮನುಷ್ಯನೂ ಒಣಗುತ್ತಿದ್ದ. ಯಾರಾದರೂ ಸತ್ತರೆ ಅವರ ಮರ ಕಡಿದು, ನೆಂಟರು ಮನೆಗೊಂದು ತುಂಡು ಒಯ್ದು ಮನೆಮಗಳ ಮರಕ್ಕೆ ಕಟ್ಟುವುದು ಅಲ್ಲಿಯ ಪದ್ಧತಿ.

ಒಂದು ವರ್ಷ ಕಾಡಿನ ನೇರಳೆಗಳು ನಿಂತಲ್ಲೇ ಒಣಗಿದವು. ಹಣ್ಣಿನ ವ್ಯಾಪಾರಿ ಕಾಳಿಂಗನ ಸೋದರಮಾವ ಕಾಡಿನಂಚಿನಲ್ಲಿದ್ದ; ಅವನೂ ಸತ್ತ. ಕಾಳಿಂಗ ಆ ಮಾವನ ಮರದ ತುಂಡು ತಂದು ತಂಗಿ ನೀಲವ್ವನ ಮರಕ್ಕೆ ಕಟ್ಟಿದ.

ತುಂಡು ಕಟ್ಟಿದ ಕೊಂಬೆಯ ತುಂಬ ಸೂಜಿಮೊನೆಯಷ್ಟು ತೂತುಗಳು ಬಿದ್ದವು. ಕಿವಿಯಿಟ್ಟರೆ ಒಳಗೆ ಕರಕರ ಸದ್ದು. ನೀಲವ್ವನ ಬಲಗೈ ಬೆರಳುಗಳು ಕಪ್ಪಾದವು.

"ಅಣ್ಣಾ, ಎಲುಬಿನೊಳಗೆ ಏನೋ ಹರಿದಾಡ್ತಿದೆ."

ನೇರಳೆಗಳು ಒಣಗಿದ್ದು ನೆನಪಾಗಿ ಕಾಳಿಂಗ ಕಾಡಿಗೆ ಓಡಿದ. ಸತ್ತ ನೇರಳೆಯ ಪೊಟರೆಯಲ್ಲಿ ಮರ ಒಣಗಿಸುವ ಬೂಷ್ಟಮಾಂತ್ರಿಕ ಕೂತಿದ್ದ. ಮೈಮೇಲೆ ಬೆಳೆದ ಬಿಳಿ ಬೂಷ್ಟನ್ನು ಕಿತ್ತು ಕಿತ್ತು ಕರಿಹುಳುಗಳಿಗೆ ಉಣಿಸುತ್ತಿದ್ದ.

"ನಮ್ಮ ತೋಟಕ್ಕೆ ಯಾಕೋ ಬಂದೆ?"

"ನಾನೆಲ್ಲಿ ಬಂದೆ ಮಾರಾಯ? ನನ್ನ ಮಕ್ಕಳಿಗೆ ದೂರ ಹಾರೋ ಶಕ್ತಿಯಿಲ್ಲ. ನೀವೇ ತಲೆ ಮೇಲೆ ಹೊತ್ತು ಕರ್ಕೊಂಡು ಹೋದಿರಿ!"

ಕಾಳಿಂಗನಿಗೆ ಮಾವನ ಮರದ ತುಂಡು ನೆನಪಾಯಿತು. ಕೊಳೆತ ಹಣ್ಣನ್ನು ಬುಟ್ಟಿಗೆ ಸೇರಿಸದವನು ಕೊಳೆತ ಮರವನ್ನು ತಂಗಿಯ ಮರಕ್ಕೇ ಬಿಗಿದಿದ್ದ.

ಮಾವನ ಮರದ ತುಂಡುಗಳು ಹೋಗಿದ್ದು ಮೂರು ಮನೆಗೆ. ಅವನ್ನೆಲ್ಲ ಸುಡಲು ಕೇಳಿ ತರಲು ಹೊರಟ. ಮೊದಲ ಮನೆಯಲ್ಲಿ ಮರಕ್ಕಿನ್ನೂ ತೂತು ಬಿದ್ದಿರಲಿಲ್ಲ. "ಸತ್ತವರ ಪಾಲನ್ನ ಸುಡ್ತೀಯೇನೋ? ನಿನ್ನ ಬಾಯಿಗೆ ಮಣ್ಣು ಬೀಳಲಿ!" ಎಂದು ಮುದುಕಿ ಒನಕೆ ಬೀಸಿದಳು. ಏಟು ತಿಂದೇ ತುಂಡು ಬಿಚ್ಚಿ ತಂದ.

ಎರಡನೆಯ ಮನೆಯಲ್ಲಿ ಮಾತಾಡುವವರೇ ಇರಲಿಲ್ಲ. ಮಗಳನ್ನು ಮಣ್ಣು ಮಾಡಿ ಎಲ್ಲರೂ ಊರು ಬಿಟ್ಟಿದ್ದರು. ಅವಳ ಬೋಳುಮರ ಮಾತ್ರ ಹಿತ್ತಲಲ್ಲಿ ನಿಂತು ಕರಕರ ಅನ್ನುತ್ತಿತ್ತು. ಅದನ್ನು ಬುಡಸಮೇತ ಕಡಿದು, ಹುಳು ಹೊರಬರದಂತೆ ಒದ್ದೆ ಕಂಬಳಿ ಸುತ್ತಿ ಗಾಡಿಗೇರಿಸಿದ.

ಮೂರನೆಯದು ತನ್ನದೇ ಮನೆ. ನೀಲವ್ವನ ಕೈಯ ಕಪ್ಪು ಮೊಣಕೈ ದಾಟಿತ್ತು. ಕಾಳಿಂಗ ಕೊಡಲಿ ಎತ್ತಿ ಮತ್ತೆ ಇಳಿಸಿದ.

"ಕೊಂಬೆ ಕಡಿದರೆ ನಿನ್ನ ಕೈ ಹೋಗುತ್ತೆ ಕಣವ್ವಾ."

"ಹೋಗಲಿ, ನಾನಿರ್ತೀನಲ್ಲ. ಒಂದೇ ಏಟಿಗೆ ಕಡಿ. ನಿನ್ನ ಸಂತೆ ಚೌಕಾಸಿ ಇಲ್ಲಿ ಬೇಡ."

ಕಡಿದ. ಅವಳ ಕೂಗಿಗೆ ಹಕ್ಕಿಗಳೆಲ್ಲ ಎದ್ದವು.

ಎಲ್ಲವನ್ನೂ ಮಾಂತ್ರಿಕನಿದ್ದ ನೇರಳೆಯ ಬುಡಕ್ಕೆ ಒಟ್ಟಿ ಬೆಂಕಿಯಿಟ್ಟ. ಹುಳುಗಳು ಚಟಪಟನೆ ಸಿಡಿದವು. ಮಾಂತ್ರಿಕ ಇನ್ನೊಂದು ಮರಕ್ಕೆ ಹಾರಲು ನೋಡಿದ. ಹೊತ್ತೊಯ್ಯುವವರು ಯಾರೂ ಇರಲಿಲ್ಲ. ಬೂದಿಯಾದ.

ಅಂದಿನಿಂದ ತಳಿರೂರಿನವರು ಸತ್ತ ಮರವನ್ನು ನಿಂತಲ್ಲೇ ಸುಟ್ಟರು, ಹಣ್ಣು ಹಂಚಿ ತಿಂದು ತಣ್ಣಗಿದ್ದರು. ನೀಲವ್ವ ಒಂಟಿಗೈಯಲ್ಲೇ ಮರ ಹತ್ತಿ ಮಾವು ಕೊಯ್ದಳು. ಕೆಳಗೆ ನಿಂತ ಅಣ್ಣನಿಗೆ ಬುಟ್ಟಿ ಸರಿಯಾಗಿ ಹಿಡಿಯೋ ಎಂದು ಗದರಿದಳು.